ಸಟ್ಟುಗದ ಸದ್ದು

ನನ್ನ ಕೆಲಸ ಹೊಳೆಯ ತಳಕ್ಕೆ ಕಿವಿಗೊಟ್ಟು ಕೂರುವುದು. ಮಾತಾಡುವ ಕೆಲಸವಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ಹಾಕಿದ್ದೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಗೆ ಬಂದ ವರ್ಷವೇ ನಮ್ಮೂರು ಸುಳಿಕೊಡ್ಲಿನ ಹಳೆಯ ಐಸ್ ಫ್ಯಾಕ್ಟರಿಯಲ್ಲಿ ಅಳಿವೆ ಪುನಶ್ಚೇತನ ಕೇಂದ್ರ ಶುರುವಾಯಿತು. ಅದರ ಮುಖ್ಯಸ್ಥೆ ಧಾರವಾಡದ ಡಾ. ನೀಲಾಂಬಿಕಾ ಹಿರೇಮಠ. ಸಂದರ್ಶನದಲ್ಲಿ ಅವರು, "ನಿನಗ ಏನೇನ್ ಬರ್ತದವಾ?" ಎಂದು ಕೇಳಿದರು. ನಾನು ತುಂಬ ಹೊತ್ತು ಮೇಜಿನ ಅಂಚನ್ನೇ ನೋಡಿ, "ಸುಮ್ನೆ ಕೂತ್ಕೊಳ್ಳೂಕೆ ಬತ್ತದೆ" ಎಂದೆ. ಮೇಡಂ ನಗಲಿಲ್ಲ. "ಅದ ಬೇಕಾಗೇದ ನಮಗ" ಎಂದು ಹೆಡ್‌ಫೋನನ್ನು ನನ್ನ ಕಡೆ ಸರಿಸಿದರು.

ನಾನು ಹುಟ್ಟುವ ಮೊದಲು ನಮ್ಮ ಹೊಳೆಯಲ್ಲಿ ಬಳಚು ತುಂಬಿ ತುಳುಕುತ್ತಿತ್ತಂತೆ. ಬಳಚು ಕೆಸರಿನಲ್ಲಿ ಹುದುಗಿ ಬದುಕುವ ಚಿಪ್ಪಿನ ಜೀವಿ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದಷ್ಟು ನೀರಿಗಿಳಿದು, ಕಾಲಿನಿಂದಲೇ ತಡಕಿ, ಹೆಬ್ಬೆರಳಲ್ಲಿ ಹಿಡಿದು ಎತ್ತುತ್ತಿದ್ದರು. ಆಮೇಲೆ ಸುಣ್ಣಕ್ಕೆಂದು ತಳದ ಚಿಪ್ಪನ್ನೆಲ್ಲ ಬಗೆದು ಒಯ್ಯುವ ಯಂತ್ರಗಳು ಬಂದವು. ದಡದ ಉಪ್ಪುನೀರಿನಲ್ಲಿ ಬೇರಿಳಿಸಿ ನಿಲ್ಲುವ ಕಾಂಡ್ಲ ಗಿಡಗಳನ್ನು ಕಡಿದು ಶೆಟ್ಲಿ, ಅಂದರೆ ಸಿಗಡಿ, ಸಾಕುವ ಹೊಂಡ ಮಾಡಿದರು. ಹತ್ತು ವರ್ಷದಲ್ಲಿ ಹೊಳೆಯ ತಳ ಅಂಬಲಿಯಂಥ ಕೆಸರಾಯಿತು. ನಮ್ಮವ್ವಿ ಬಳಚಿನ ಬುಟ್ಟಿ ಬಿಟ್ಟು ಮೀನು ಕೊಯ್ಯುವ ಕಾರ್ಖಾನೆಗೆ ಹೋದಳು. ನನಗೆ ಗೊತ್ತಿರುವ ಹೊಳೆ ಎಂದರೆ, ಏನೂ ಇಲ್ಲದೆ ಹರಿಯುವ ನೀರು.

ಬದುಕಿರುವ ಅಳಿವೆಗೆ ಒಂದು ಸದ್ದಿದೆ. ಚಿಟಿಕೆ ಹೊಡೆಯುವ ಸಣ್ಣ ಶೆಟ್ಲಿಗಳು ಸಾವಿರಗಟ್ಟಲೆ ಸೇರಿ ತಳದಲ್ಲಿ ಚಟಪಟ ಎನ್ನುತ್ತಿರುತ್ತವೆ. ಬಳಚಿನ ಮರಿ ಹುಟ್ಟಿದಾಗ ದೂಳಿನ ಕಣದಷ್ಟು ಚಿಕ್ಕದು. ಎರಡು ವಾರ ನೀರಿನಲ್ಲಿ ತೇಲಿ, ಆಮೇಲೆ ಎಲ್ಲಾದರೂ ತಳಕ್ಕಿಳಿದು ನೆಲೆಯಾಗಬೇಕು. ಅದಕ್ಕೆ ಕಿವಿಯಿಲ್ಲ. ಆದರೆ ನೀರಿನ ನಡುಕವನ್ನು ಅರಿಯುವ ಒಂದು ಕಾಳು ಮೈಯೊಳಗಿದೆ. ಚಟಪಟ ಕೇಳಿದಲ್ಲಿ ಇಳಿಯುತ್ತದೆ, ಮೌನವಿದ್ದಲ್ಲಿ ದಾಟಿ ಹೋಗಿ ಕಡಲಲ್ಲಿ ಸಾಯುತ್ತದೆ. ಹಾಗಾದರೆ, ಸತ್ತ ಹೊಳೆಗೆ ಬದುಕಿದ್ದ ಹೊಳೆಯೊಂದರ ಸದ್ದನ್ನು ಕೇಳಿಸಿದರೆ? ಮೇಡಂ ತಮ್ಮ ಹದಿನಾಲ್ಕು ವರ್ಷಗಳನ್ನು ಈ ಒಂದು ಪ್ರಶ್ನೆಗೆ ಕೊಟ್ಟಿದ್ದರು. ಆರು ಕರೆಗಂಬಗಳನ್ನು ಹೊಳೆಯಲ್ಲಿ ನೆಟ್ಟರು. ಮನುಷ್ಯನೆತ್ತರದ ಕಂಬ, ನೀರೊಳಗೆ ನುಡಿಯುವ ಅಗಲವಾದ ಬಾಯಿ, ಪಕ್ಕದಲ್ಲಿ ಕೇಳುವ ಒಂದು ಕಿವಿ. ನುಡಿಸುವ ಸದ್ದು ಎಲ್ಲೋ ದೂರದ ಜೀವಂತ ಅಳಿವೆಯದು. ಊರಿನ ನಲವತ್ತೆರಡು ಹೆಂಗಸರು ಹಳೆಯ ಚಿಪ್ಪುಗಳನ್ನು ಹಗ್ಗಕ್ಕೆ ಪೋಣಿಸಿ ತಳದಲ್ಲಿ ಹಾಸಿದರು, ದಡದಲ್ಲಿ ಕಾಂಡ್ಲದ ಕೋಡಿನಂಥ ಮೊಳಕೆಗಳನ್ನು ಊರಿದರು. ಅಕ್ಟೋಬರಿನಲ್ಲಿ ನಾನು ಮೊದಲ ಸಲ ಗುಂಡಿ ಒತ್ತಿದೆ. ಆರು ಹಸಿರು ದೀಪ ಹೊತ್ತಿದವು.

ಏಪ್ರಿಲಿನಲ್ಲಿ ತಳದ ಕೆಸರು ತೆಗೆದು ಜರಡಿ ಹಿಡಿದೆವು. ಒಂದೇ ಒಂದು ಮರಿಯಿರಲಿಲ್ಲ.

"ಸೋಮವಾರ ಮೀಟಿಂಗ್ ಅದ" ಎಂದರು ಮೇಡಂ. "ಕಂಬ ಕಿತ್ತು ಬ್ಯಾರೆ ಹೊಳಿಗೆ ಒಯ್ಯಾಕ ಹೇಳ್ಯಾರ. ಇಲ್ಲಿ ಆಗೂದಿಲ್ಲ ಅಂತ ಬರದು ಕೊಡಬೇಕು. ಒಂದು ಸಲ ಬರದ್ರ ಈ ಹೊಳಿಗೆ ಮತ್ತ ಯಾರೂ ಬರೂದಿಲ್ಲ."

ಮನೆಗೆ ಬಂದಾಗ ಅಜ್ಜಿ ಹಿತ್ತಿಲ ಒಲೆಯ ಮುಂದೆ ಅರಳು ಹುರಿಯುತ್ತಿದ್ದಳು. ನಮ್ಮಜ್ಜಿ ಗಣಪಿಗೆ ಎಂಬತ್ತರ ಹತ್ತಿರ. ಕಬ್ಬಿಣದ ಬಾಣಲೆಯಲ್ಲಿ ಮರಳು ಕಾಯಿಸಿ ಭತ್ತ ಸುರಿದು, ಕೈ ಆಡಿಸುತ್ತ, ದಿನವೂ ಕೇಳುವುದನ್ನೇ ಕೇಳಿದಳು.

"ತಂಗೀ, ಹೊಳೆ ಎಂತ ಹೇಳ್ತು ಇವತ್ತು?"

"ಎಂತದೂ ಇಲ್ಲ."

"ಎಂತದೂ ಇಲ್ಲ ಅಂತ ಹೇಳೂಕೆ ಇಷ್ಟು ಓದ್ಬೇಕಾಯ್ತಾ?" ಅವ್ವಿ ಒಳಗಿನಿಂದಲೇ ಹೇಳಿದಳು. "ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

ಸೋಮವಾರದ ಮಾತು ಹೇಳಿದೆ. ಅಜ್ಜಿಯ ಕೈ ನಿಂತಿತು. ಬಾಣಲೆಯಲ್ಲಿ ಅರಳು ಚಟಪಟ ಸಿಡಿಯುತ್ತಲೇ ಇತ್ತು. ಒಂದಿಷ್ಟು ಕರಿದಾಗಿ ಹೊಗೆ ಎದ್ದ ಮೇಲೆ ಅವಳು ಸಟ್ಟುಗದಿಂದ ಬಾಣಲೆಯ ಅಂಚಿಗೆ ಟಣ್ ಟಣ್ ಎಂದು ಎರಡು ಸಲ ಬಡಿದಳು. ಹುರಿದು ಮುಗಿಯಿತೆಂದರೆ ಹಾಗೆ ಬಡಿಯುವುದು ನಮ್ಮ ಮನೆಗಳಲ್ಲಿ ರೂಢಿ. ಅದನ್ನು ಕೇಳಿದರೆ ಮಕ್ಕಳು ಬಟ್ಟಲು ಹಿಡಿದು ಬರುತ್ತವೆ.

"ಕೂತ್ಕೋ" ಎಂದಳು. "ನಂದೊಂದು ತಪ್ಪು ಅದೆ."

ಹೊಳೆಯಲ್ಲಿ ಬಳಚು ಇದ್ದ ಕಾಲಕ್ಕೆ ಒಂದು ಕ್ರಮವಿತ್ತು. ಹಂಗಾಮು ಬಂತೆಂದು ಯಾರೂ ಸುಮ್ಮನೆ ಇಳಿಯುವಂತಿರಲಿಲ್ಲ. ಹಿರಿಯಳೊಬ್ಬಳು ದೋಣಿಯ ಬಿದಿರು ಗಳವನ್ನು ತಳದ ಕೆಸರಿಗೆ ಊರಿ, ಮೇಲಿನ ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೇಳುತ್ತಿದ್ದಳು. ಕೆಳಗೆ ಅರಳು ಹುರಿದ ಹಾಗೆ ಕೇಳಿದರೆ ತಿರುಗಿ, "ಹೊಳೆ ಹುರೀತಾ ಅದೆ" ಎನ್ನುವಳು. ಆಗ ಎಲ್ಲರೂ ಇಳಿಯುವರು. ಕೇಳದಿದ್ದರೆ ಆ ವರ್ಷ ಯಾರೂ ನೀರಿಗೆ ಕಾಲಿಡುತ್ತಿರಲಿಲ್ಲ. ಅಜ್ಜಿಗೆ ಆ ಗಳ ಅವಳ ಅತ್ತೆಯಿಂದ ಬಂದದ್ದು. ಇಪ್ಪತ್ತಾರು ವರ್ಷ ಅದು ಅಟ್ಟದಲ್ಲಿತ್ತು.

"ಫೆಬ್ರವರಿಲಿ ನೀ ಅಂಕೋಲೆಗೆ ಮದಿಗೆ ಹೋಗಿದ್ದೆಯಲ. ಆಗ ಗಳ ಇಳ್ಸಿದೆ. ನಂಗೆ ತಡೂಕಾಗ್ಲಿಲ್ಲ. ಊರಿ ಕಿವಿ ಇಟ್ಟೆ. ಹುರೀತಾ ಇತ್ತು ತಂಗೀ. ನಮ್ಮತ್ತೆ ಕಾಲದಲ್ಲಿ ಹುರೀತಿತ್ತಲ, ಹಾಂಗೇ."

ನನಗೆ ತಟ್ಟನೆ ಅರ್ಥವಾಯಿತು. ಅವಳು ಕೇಳಿಸಿಕೊಂಡದ್ದು ನಮ್ಮ ಕರೆಗಂಬವನ್ನು. ಅದು ಯಾವ ಸದ್ದು ನುಡಿಸುತ್ತದೆಂದು ನಾವು ಊರಿಗೆ ಹೇಳಿರಲೇ ಇಲ್ಲ.

"ನಾನೇ ಹೇಳ್ದೆ, ಇಳೀರಿ ಅಂತ. ನಿನ್ನ ಅವ್ವಿನೂ ಇದ್ಲು. ಆಫೀಸಿನವ್ರು ಬ್ಯಾಡ ಅಂದಿದ್ರು, ಆದ್ರೆ ಹೊಳೆನೇ ಹೂಂ ಅಂದ ಮೇಲೆ ಆಫೀಸು ಯಾರು? ಎರಡು ದಿನ ನಲವತ್ತೆರಡು ಜನ ಕಾಲಾಡ್ಸಿದ್ರು. ಒಂದೂ ಸಿಗ್ಲಿಲ್ಲ. ನಾಚ್ಕೆ ಆಗಿ ಯಾರೂ ಬಾಯಿ ಬಿಡ್ಲಿಲ್ಲ. ನಾ ಮನೆಗೆ ಬಂದು ಕಾಲು ತೊಳೂವಾಗ ಬೆರಳ ಸಂದಿಲಿ ಎಂತದೋ ಚುಚ್ತು."

ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ನನ್ನ ಅಂಗೈ ಮೇಲೆ ಮಗುಚಿದಳು. ಸುಣ್ಣವಲ್ಲ. ಅಕ್ಕಿಕಾಳಿಗಿಂತ ಚಿಕ್ಕ ಚಿಪ್ಪುಗಳು, ಹನ್ನೊಂದು. ಕೆಲವು ಒಡೆದಿದ್ದವು. ಒಂದೊಂದರ ಮೇಲೂ ಬಳಚಿನ ಗೆರೆಗಳು, ಕೂದಲಿನಿಂದ ಬರೆದಷ್ಟು ಸಣ್ಣಗೆ.

"ಬಂದಿದ್ವು" ಎಂದಳು ಅಜ್ಜಿ. "ಕರ್ದದ್ದಕ್ಕೆ ಬಂದಿದ್ವು. ನಾವೇ ತುಳ್ದು ಕೆಸರಿಗೆ ಹಾಕಿದ್ವು."

ಅವ್ವಿ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳಿಗೂ ಈ ಡಬ್ಬಿಯ ವಿಷಯ ಗೊತ್ತಿರಲಿಲ್ಲವೆಂದು ಅವಳ ಮುಖ ನೋಡಿ ತಿಳಿಯಿತು.

ಆ ದಿನ ಡೈರಿ ಬರೆಯುವಾಗ ಫೆಬ್ರವರಿಯ ಪುಟಗಳನ್ನು ತಿರುವಿದೆ. ಮದುವೆಯಿಂದ ಬಂದ ಸೋಮವಾರ ಹಿಂದಿನ ಎರಡು ದಿನದ ಧ್ವನಿ ಕೇಳಿ, "ತಳದಲ್ಲಿ ಮನುಷ್ಯರ ಓಡಾಟ, ಬಹುಶಃ ಹಗ್ಗ ಸರಿಮಾಡುತ್ತಿರಬೇಕು" ಎಂದು ಬರೆದಿದ್ದೆ. ಎಂಬತ್ತನಾಲ್ಕು ಕಾಲುಗಳು ಕೆಸರು ಕೆದಕುವುದನ್ನು ಕೇಳಿದ್ದೆ. ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದರೆ ಮಾತಾಡಬೇಕಿತ್ತು.

ಸೋಮವಾರ ಮೀಟಿಂಗಿನಲ್ಲಿ ಕೇಂದ್ರಕ್ಕೆ ಹಣ ಕೊಡುವ ಸಂಸ್ಥೆಯ ನಾಲ್ವರು ಕುಳಿತಿದ್ದರು. ಮೇಡಂ ವರದಿ ಓದತೊಡಗಿದರು. ನಾನು ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಅಜ್ಜಿ ಹೇಳಿದ್ದನ್ನೆಲ್ಲ ಬರೆದಿದ್ದ ಪುಟ ತೆರೆದು ಡೈರಿಯನ್ನು ಮೇಡಂ ಮುಂದಿಟ್ಟು, ಅದರ ಮೇಲೆ ಸುಣ್ಣದ ಡಬ್ಬಿ ಇಟ್ಟು, ಕುಳಿತುಬಿಟ್ಟೆ.

ಮೇಡಂ ಓದಿದರು. ಡಬ್ಬಿ ತೆರೆದು ಒಂದು ಚಿಪ್ಪನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು.

"ಇಷ್ಟ ದಿನಾ ಯಾಕ ಹೇಳಲಿಲ್ಲ ಅಂತ ನಿಮ್ಮಜ್ಜಿನ್ನ ಕೇಳೂದಿಲ್ಲ ನಾ" ಎಂದರು. "ನಾವು ಹೊಳಿಗೆ ಸುಳ್ಳ ಹೇಳಾಕ ಹೊಂಟಿದ್ವಿ. ಹೊಳಿ ಮಾತು ಕೇಳಾವ್ರು ಊರಾಗ ಅದಾರ ಅಂತ ತಿಳ್ಕೊಂಡ ಇರಲಿಲ್ಲ."

ಒಂದು ವರ್ಷ ಹೆಚ್ಚಿಗೆ ಸಿಕ್ಕಿತು, ಮುಂದಿನ ಮೇ ತನಕ. ಆದರೆ ಬಂದ ನಾಲ್ವರಲ್ಲಿ ಹಿರಿಯರು ಒಂದು ಷರತ್ತು ಹಾಕಿದರು: ಕಂಬ ನುಡಿಯುವ ತನಕ ಮರಿ ಬಂದರೆ ಸಾಲದು, ಕಂಬ ಆರಿಸಿದ ಮೇಲೂ ಹೊಳೆ ತನ್ನಷ್ಟಕ್ಕೆ ನುಡಿಯಬೇಕು.

ಮರುದಿನ ನಲವತ್ತೆರಡು ಜನರೂ ಐಸ್ ಫ್ಯಾಕ್ಟರಿಗೆ ಬಂದರು. ಮೇಡಂ ಎಲ್ಲರಿಗೂ ಅಕ್ಟೋಬರಿನಿಂದ ನೀರಿಗಿಳಿಯಬೇಡಿ ಎಂದರು.

"ಅಲ್ಲ ಅಮ್ಮ" ಎಂದಳು ಅವ್ವಿ, "ನೀವು ಸುಳ್ಳುಸುಳ್ಳೇ ಹುರೀತಾ ಇದ್ರೆ, ಖರೇ ಹುರಿಯೂದು ಯಾವಾಗ ಅಂತ ನಮ್ಗೆ ಗೊತ್ತಾಗೂದು ಹೆಂಗೆ?"

"ನಾವು ಹೇಳ್ತೀವಲಾ."

"ನಿಮ್ಗೆ ಯಾರು ಹೇಳ್ತಾರೆ?" ಹಿಂದಿನಿಂದ ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು. ಕಂಬದ ಸದ್ದು ಮತ್ತು ಹೊಳೆಯ ಸದ್ದು ಒಂದರೊಳಗೊಂದು ಬೆರೆತರೆ ಬೇರ್ಪಡಿಸುವುದು ಯಂತ್ರಕ್ಕೂ ಕಷ್ಟ.

ಆಗ ಅಜ್ಜಿ ಬಾಯಿ ಬಿಟ್ಟಳು. "ಸಟ್ಟುಗ ಬಡೀರಿ."

ಯಾರಿಗೂ ಅರ್ಥವಾಗಲಿಲ್ಲ.

"ನಿಮ್ಮ ಕಂಬದ ಹಾಡಿಗೆ ನಡುನಡುವೆ ಸಟ್ಟುಗ ಬಡಿಯೂದು ಸೇರ್ಸಿ. ಹೊಳೆಲಿ ಸಟ್ಟುಗ ಇರೂದಿಲ್ಲ. ಸಟ್ಟುಗ ಕೇಳಿದ್ರೆ ಅದು ನಿಮ್ದು. ಕೇಳ್ದೆ ಬರೀ ಹುರಿದ್ರೆ, ಹೊಳೆದು."

ಮೇಡಂ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ನನ್ನ ಪಿಎಚ್.ಡಿ. ವಾಪಸ್ ಕೊಟ್ಟು ಬರ್ತೀನಿ ತಡೀರಿ" ಎಂದರು.

ಅವತ್ತೇ ಸಂಜೆ ಮೇಡಂ ಧ್ವನಿಮುದ್ರಣದ ಪೆಟ್ಟಿಗೆ ಹೊತ್ತು ನಮ್ಮ ಹಿತ್ತಿಲಿಗೆ ಬಂದರು. ಅಜ್ಜಿ ಖಾಲಿ ಬಾಣಲೆಗೆ ಬಡಿಯಲು ಒಪ್ಪಲಿಲ್ಲ. ಬರಿ ಬಾಣಲೆಯ ಸದ್ದು ಬೇರೆ, ಮರಳು ತುಂಬಿ ಕಾದ ಬಾಣಲೆಯ ಸದ್ದು ಬೇರೆ ಎಂದಳು. ಎರಡು ಸೇರು ಅರಳು ಹುರಿದ ಮೇಲೆ ಬಡಿದಳು. ಟಣ್ ಟಣ್. ಮೇಡಂ ಹೆಡ್‌ಫೋನಿನಲ್ಲಿ ಕೇಳುತ್ತ ತಟ್ಟನೆ ಕೈ ಎತ್ತಿದರು. ಅವರ ಫೋನಿನ ಪರದೆಯ ಮೇಲೆ ಎರಡು ಗೆರೆಗಳು ಮೂಡಿದ್ದವು. ಒಂದು ದೂರದ ಜೀವಂತ ಅಳಿವೆಯದು, ಒಂದು ನಮ್ಮ ಒಲೆಯದು. ಗೆರೆಗಳ ಏರಿಳಿತ ಹೆಚ್ಚುಕಡಿಮೆ ಒಂದರ ಮೇಲೊಂದು ಕೂರುತ್ತಿತ್ತು. ಅಜ್ಜಿಯ ಅತ್ತೆ, ಅವಳ ಅತ್ತೆ, ಯಾರೆಂದೇ ಗೊತ್ತಿಲ್ಲದ ಹೆಂಗಸರು, ಗಳಕ್ಕೆ ಕಿವಿಯಿಟ್ಟು ಇದು ಅರಳು ಹುರಿದ ಹಾಗಿದೆ ಎಂದು ಎಷ್ಟು ಸರಿಯಾಗಿ ಹೇಳಿದ್ದರು.

ಅಕ್ಟೋಬರಿನಲ್ಲಿ ಮತ್ತೆ ಗುಂಡಿ ಒತ್ತಿದೆ. ಈ ಸಲ ಪ್ರತಿ ಕಂಬವೂ ಹತ್ತು ನಿಮಿಷಕ್ಕೊಮ್ಮೆ ಟಣ್ ಟಣ್ ಎನ್ನುತ್ತಿತ್ತು. ಊರಿನವರು ಐಸ್ ಫ್ಯಾಕ್ಟರಿಗೆ ಗಣಪಕ್ಕನ ಅಡುಗೆಮನೆ ಎಂದು ಹೆಸರಿಟ್ಟರು. ದಾರಿಯಲ್ಲಿ ಸಿಕ್ಕವರು, "ಅರಳು ಆಯ್ತಾ ತಂಗೀ?" ಎಂದು ಕೇಳುತ್ತಿದ್ದರು. ನಾನು ತಲೆಯಾಡಿಸಿ ದಾಟುತ್ತಿದ್ದೆ. ಹೆಂಗಸರು ದಡದಲ್ಲಿ ನಿಂತೇ ಕಾಂಡ್ಲ ಊರಿದರು, ದೋಣಿಯಿಂದಲೇ ಚಿಪ್ಪಿನ ಹಗ್ಗ ಇಳಿಸಿದರು. ಯಾರೊಬ್ಬರೂ ಕಾಲಿಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಅಜ್ಜಿ ದೋಣಿಯ ಮೂಲೆಯಲ್ಲಿ ಕುಳಿತು ಗಳ ಊರಿ ಕೇಳುತ್ತಿದ್ದಳು. ಹೆಂಗಸರು ದಡದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಟಣ್ ಟಣ್ ಕೇಳಿದ ಕೂಡಲೇ ಅವಳು ಗಳ ಎತ್ತಿ, "ನನ್ನ ಸಟ್ಟುಗನೇ" ಎನ್ನುತ್ತಿದ್ದಳು. ಎಲ್ಲರೂ ಮನೆಗೆ.

ಜನವರಿಯಲ್ಲಿ ಜರಡಿಯಲ್ಲಿ ಅಕ್ಕಿಕಾಳಿನಂಥ ಮರಿಗಳು ಸಿಕ್ಕವು. ಮಾರ್ಚಿನಲ್ಲಿ ಹುಣಸೆಬೀಜದಷ್ಟಾದವು. ಮೇಡಂ ಖುಷಿಪಡಲಿಲ್ಲ. "ಕರದಾಗ ಬಂದಾವ. ಕರೀದ ಇದ್ರೂ ನಿಲ್ಲಬೇಕಲ" ಎನ್ನುತ್ತ ಕ್ಯಾಲೆಂಡರ್ ನೋಡುತ್ತಿದ್ದರು. ಕಂಬ ಆರಿಸಿ ಪರೀಕ್ಷಿಸಲು ಅವರಿಗೆ ಧೈರ್ಯ ಸಾಲುತ್ತಿರಲಿಲ್ಲ. ಆರಿಸಿದಾಗ ಮೌನವಾಗಿಬಿಟ್ಟರೆ, ಬಂದವೂ ಹೋದಾವೆಂಬ ಭಯ.

ಏಪ್ರಿಲ್ ಕೊನೆಯ ಭಾನುವಾರ. ಬೆಳಿಗ್ಗೆ ಏಳೂವರೆಗೆ ನಾನು ಹೆಡ್‌ಫೋನ್ ಹಾಕಿದೆ. ಆರೂ ಹಸಿರು ದೀಪ ಉರಿಯುತ್ತಿದ್ದವು. ಚಟಪಟ ಎಂದಿನಂತೆ, ಎಂದಿಗಿಂತ ತುಸು ದಟ್ಟವಾಗಿ. ಹತ್ತು ನಿಮಿಷ ಕಳೆಯಿತು. ಟಣ್ ಟಣ್ ಬರಲಿಲ್ಲ. ಕಿವಿಯನ್ನು ಮೂರನೆಯ ಕಂಬಕ್ಕೆ ಬದಲಿಸಿದೆ, ಆಮೇಲೆ ಐದಕ್ಕೆ, ಒಂದಕ್ಕೆ. ಇಪ್ಪತ್ತು ನಿಮಿಷ. ಎಲ್ಲೂ ಇಲ್ಲ.

ಕಡತದಲ್ಲಿ ಸಟ್ಟುಗದ ತುಣುಕು ಅಳಿಸಿಹೋಗಿದೆ ಎಂದುಕೊಂಡೆ. ಮರುಕ್ಷಣ ಹೆಡ್‌ಫೋನ್ ಕಿತ್ತಿಟ್ಟು ಎದ್ದೆ. ಇವತ್ತು ಭಾನುವಾರ. ಅಜ್ಜಿ ಈಗ ಗಳ ಊರುತ್ತಾಳೆ. ಸಟ್ಟುಗ ಕೇಳುವುದಿಲ್ಲ. ಹುರಿಯುವುದು ಕೇಳುತ್ತದೆ.

ಐಸ್ ಫ್ಯಾಕ್ಟರಿಯಿಂದ ದಡಕ್ಕೆ ಅರ್ಧ ಮೈಲಿ. ನಾನು ಹಿಂದೆಂದೂ ಹಾಗೆ ಓಡಿದ್ದು ನೆನಪಿಲ್ಲ. ದಡದ ತಿರುವಿನಲ್ಲಿ ಕಂಡಿತು: ದೋಣಿಯಲ್ಲಿ ಅಜ್ಜಿ ಗಳದಿಂದ ಕಿವಿ ತೆಗೆದು ಮುಖ ಎತ್ತಿದ್ದಳು. ಹೆಂಗಸರು ಸೀರೆ ಎತ್ತಿ ಕಟ್ಟಿದ್ದರು. ಅವ್ವಿಯ ಒಂದು ಕಾಲು ನೀರಿನ ಅಂಚಿನಲ್ಲಿತ್ತು.

"ಇಳೀಬ್ಯಾಡಿ. ಯಾರೂ ಇಳೀಬ್ಯಾಡಿ. ಸಟ್ಟುಗ ತಪ್ಪಿಹೋಗಿದೆ, ಅದು ಕಂಬದ್ದೇ."

ನನ್ನ ದನಿ ಆಚೆ ದಡಕ್ಕೆ ಬಡಿದು ವಾಪಸು ಬಂತು. ನಲವತ್ತೆರಡು ಮುಖಗಳು ತಿರುಗಿದವು.

"ಗಣಪಕ್ಕನ ಮೊಮ್ಮಗ್ಳಿಗೆ ಬಾಯಿ ಅದೆ ಕಾಣ್ರೇ" ಎಂದಳೊಬ್ಬಳು ನಿಧಾನವಾಗಿ.

ಅವ್ವಿ ಕಾಲು ಹಿಂದಕ್ಕೆ ತೆಗೆದಳು. ಅಷ್ಟರಲ್ಲಿ ಮೇಡಂ ಸ್ಕೂಟರಿನಲ್ಲಿ ಬಂದರು. ನಾನು ಏದುಸಿರಿನಲ್ಲೇ ಹೇಳಿದೆ: ದೀಪ ಹಸಿರು, ಕಂಬ ಕರೆಂಟು ಎಳೆಯುತ್ತಿದೆ, ಸಟ್ಟುಗ ಮಾತ್ರ ಇಲ್ಲ. ಮೇಡಂ ಹುಬ್ಬು ಗಂಟಿಕ್ಕಿದರು. "ಸಟ್ಟುಗ, ಹುರಿಯೂದು ಎರಡೂ ಒಂದ ಕಡತದಾಗ ಅದಾವ ತನುಜಾ. ಒಂದ ಹೋಗಿ ಇನ್ನೊಂದ ಹೆಂಗ ಉಳೀತದ?"

ಅವ್ವಿ, ಮೇಡಂ, ನಾನು ದೋಣಿ ಹತ್ತಿದೆವು, ಅವ್ವಿ ಮೂರನೆಯ ಕಂಬದ ತನಕ ಹುಟ್ಟು ಹಾಕಿದಳು. ಕಂಬಕ್ಕೆ ಕಟ್ಟಿದ್ದ ಹಗ್ಗವನ್ನು ನಾವು ಮೂವರು ಸೇರಿ ಎಳೆದೆವು. ಇಳಿಸುವಾಗ ಇಬ್ಬರೇ ಎತ್ತಿದ್ದ ಕಂಬ ಈಗ ಅಲುಗಾಡಲಿಲ್ಲ. ಇನ್ನೊಂದು ದೋಣಿ ಬಂತು. ಎಳೆದೆಳೆದು ಕೊನೆಗೆ ಅದು ನೀರಿನಿಂದ ಮೇಲೆ ಬಂದಾಗ, ಕಂಬ ಕಾಣಿಸಲೇ ಇಲ್ಲ.

ಅದರ ಮೈತುಂಬ ಕಲ್ವ. ಬಂಡೆಗೆ ಅಂಟಿ ಬೆಳೆಯುವ ಆ ಒರಟು ಚಿಪ್ಪುಗಳು ಒಂದರ ಮೇಲೊಂದು ಕೂತು, ಸಂದಿಯಲ್ಲಿ ಪಾಚಿ, ಪಾಚಿಯಲ್ಲಿ ಉಗುರಿನಷ್ಟು ಏಡಿಗಳು. ಕಂಬದ ಬಾಯಿ ಇದ್ದ ಜಾಗದಲ್ಲಿ ಮೂರು ಬೆರಳು ದಪ್ಪದ ಗೋಡೆ. ನಾವು ಕರೆದ ಜೀವಗಳು ಬಂದು, ಕರೆಯುತ್ತಿದ್ದ ಬಾಯಿಯ ಮೇಲೆಯೇ ಮನೆ ಕಟ್ಟಿದ್ದವು. ಒಳಗೆ ಯಂತ್ರ ನುಡಿಯಲೆಂದು ತಿಣುಕುತ್ತಿತ್ತು. ಸಟ್ಟುಗ ಬಡಿಯುತ್ತಲೂ ಇತ್ತೇನೋ. ಹೊರಗೆ ಏನೂ ಬರುತ್ತಿರಲಿಲ್ಲ. ಉಳಿದ ಐದೂ ಹೀಗೇ ಮೆಲ್ಲಗೆ ಮುಚ್ಚಿಹೋಗಿರಬೇಕು, ಸಟ್ಟುಗ ವಾರವಾರ ಮಂಕಾಗುತ್ತಿದ್ದುದನ್ನು ನಾನು ಗಮನಿಸಿರಲಿಲ್ಲ. ಆ ಗೋಡೆಯ ಬಿರುಕಿನಿಂದ ಬೆರಳುದ್ದದ ಶೆಟ್ಲಿಯೊಂದು ಇಣುಕಿ, ನಮ್ಮೆದುರೇ ಒಂದು ಚಿಟಿಕೆ ಹೊಡೆಯಿತು.

ಮೇಡಂ ಕೆಸರಿಗೆ ಹೆದರುವವರು. ಈಗ ಎರಡೂ ಕೈಯಿಂದ ಆ ಕಂಬವನ್ನು ಅಪ್ಪಿ ಹಿಡಿದಿದ್ದರು. "ಇದನ್ನ ಮೆಲ್ಲಕ ಇಳಸ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೋಗಿ ಎಲ್ಲಾ ಆರಿಸು. ಆರೂ. ಆರಿಸಿ ಕೇಳು."

ಖಾಲಿ ಐಸ್ ಫ್ಯಾಕ್ಟರಿಯಲ್ಲಿ ಒಬ್ಬಳೇ ನಿಂತು ಗುಂಡಿಗಳನ್ನು ಒಂದೊಂದಾಗಿ ಆರಿಸಿದೆ. ಹಸಿರು ದೀಪಗಳು ಒಂದೊಂದಾಗಿ ನಂದಿದವು. ಆರನೆಯದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತೆ. ಒತ್ತಿದೆ. ಹೆಡ್‌ಫೋನ್ ಹಾಕಿಕೊಂಡೆ.

ಹುರಿಯುತ್ತಿತ್ತು. ಮೂರನೆಯ ಕಿವಿಯಲ್ಲಿ, ಐದನೆಯದರಲ್ಲಿ, ಅಳಿವೆಯ ಬಾಯಿಯ ಹತ್ತಿರದ ಆರನೆಯದರಲ್ಲಿ. ಎರಡು ಹಂಗಾಮು ನಾನು ಕೇಳಿದ್ದು ಒಂದೇ ಅಗಲದ, ಒಂದೇ ಎತ್ತರದ ಸದ್ದು. ಇದು ಹಾಗಿರಲಿಲ್ಲ. ದೂರದಿಂದ ಹತ್ತಿರಕ್ಕೆ ಬರುತ್ತಿತ್ತು, ಭರತದ ನೀರಿನ ಜೊತೆ ಏರುತ್ತಿತ್ತು, ಎಲ್ಲೋ ತೆಳುವಾಗಿ ಇನ್ನೆಲ್ಲೋ ಒಮ್ಮೆಲೇ ತುಂಬಿಕೊಳ್ಳುತ್ತಿತ್ತು. ಅದರಾಚೆ ಯಾವುದೋ ಮೀನು ಗೊರಗೊರ ಎಂದಿತು. ಇದು ಬೇರೆ ಯಾರ ಹೊಳೆಯ ಸದ್ದೂ ಅಲ್ಲ, ನಮ್ಮದು. ನಾನು ಹುಟ್ಟುವ ಮೊದಲು ನಿಂತದ್ದು. ಮೇಜಿಗೆ ಕೈಯೂರಿ ನಿಂತವಳು ಎಷ್ಟು ಹೊತ್ತು ನಿಂತೆನೋ ತಿಳಿಯದು.

ದಡಕ್ಕೆ ಮರಳಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ದೋಣಿ ಹತ್ತಿ ಅಜ್ಜಿಯ ಪಕ್ಕ ಕುಳಿತೆ.

ಅಜ್ಜಿ ಗಳವನ್ನು ನನ್ನ ಕೈಗೆ ಕೊಟ್ಟಳು. "ನಾ ಹೇಳೂದಿಲ್ಲ. ಒಂದ್ಸಲ ಹೇಳಿ ತಪ್ಪಿದೆ. ನೀ ಕೇಳಿ ಬಂದಿದ್ದೆಯಲ, ನೀ ಹೇಳು."

"ನಂಗೆ ಬತ್ತಿಲ್ಲ ಅಜ್ಜಿ."

"ಈಗಷ್ಟೇ ಊರು ಹಾರೂ ಹಾಂಗೆ ಕೂಗಿದ್ದು ಯಾರು ಹಾಗಾದ್ರೆ?"

ಗಳವನ್ನು ತಳಕ್ಕೆ ಊರಿದೆ. ತುದಿಯನ್ನು ಕಿವಿಯ ಹಿಂದೆ ಒತ್ತಿದೆ. ಬಿದಿರಿನುದ್ದಕ್ಕೂ ಸದ್ದು ಏರಿ ಬಂದು ತಲೆಬುರುಡೆಯೊಳಗೆ ಸಿಡಿಯಿತು. ಹೆಡ್‌ಫೋನಿನಲ್ಲಿ ಕೇಳಿದ್ದು ಹೊರಗಿತ್ತು. ಇದು ಒಳಗಿತ್ತು, ಹಲ್ಲಿನಲ್ಲಿ, ದವಡೆಯಲ್ಲಿ. ಹತ್ತು ನಿಮಿಷ ಕಾದೆ. ಇನ್ನೂ ಹತ್ತು ನಿಮಿಷ.

"ಹೊಳೆ ಹುರೀತಾ ಅದೆ" ಎಂದೆ.

ಇಪ್ಪತ್ತೇಳು ವರ್ಷದಿಂದ ಆ ಮಾತಿಗೆ ಕಾದವರು ಅವರು. ಒಬ್ಬಳೂ ನೀರಿಗಿಳಿಯಲಿಲ್ಲ. ಎತ್ತಿ ಕಟ್ಟಿದ್ದ ಸೀರೆಗಳನ್ನು ಇಳಿಬಿಟ್ಟರು. ಅವ್ವಿ, "ಈ ವರ್ಷ ಅವು ಬೆಳೀಲಿ" ಎಂದಳಷ್ಟೆ. ಆಮೇಲೆ ಒಬ್ಬೊಬ್ಬರಾಗಿ ದೋಣಿ ಹತ್ತಿ ಬಂದು ಗಳಕ್ಕೆ ಕಿವಿಯಿಟ್ಟರು. ಮೇಡಂ ಕೂಡ ಸಾಲಿನಲ್ಲಿ ನಿಂತರು. ಅವ್ವಿ ತನ್ನ ಸರದಿ ಬಂದಾಗ ಕಣ್ಣು ಮುಚ್ಚಿ ಅಷ್ಟು ಹೊತ್ತು ಇದ್ದಳೆಂದರೆ, ಹಿಂದಿನವಳು, "ಸಾಕು ಬಾರೇ ತುಳಸು, ಅರಳು ಕರಿದಾಗ್ತದೆ" ಎಂದಳು.

ಕರಿದಾಗುವಂತಿರಲಿಲ್ಲ. ಕೆಳಗೆ ಹೊಳೆ ಹುರಿಯುತ್ತಲೇ ಇತ್ತು, ಮುಗಿಯಿತೆಂದು ಸಟ್ಟುಗ ಬಡಿಯುವವರು ಅಲ್ಲಿ ಯಾರೂ ಇರಲಿಲ್ಲ.